ಕಲ್ಯಾಣದಲ್ಲಿ ಅಕ್ಷರ ಕಲಿತ ಕ್ರೈಸ್ತ ಕೀರ್ತನಕಾರ
ನಾರಾಯಣ ವಾಮನ ಟಿಳಕ (1861–1919)

ಮರಾಠಿ ಚರ್ಚುಗಳಲ್ಲಿ ಇಂದಿಗೂ ಹಾಡುವ ಅನೇಕ ಭಕ್ತಿಗೀತೆಗಳನ್ನು ಬರೆದವರು ರತ್ನಾಗಿರಿ ಜಿಲ್ಲೆಯ ಚಿತ್ಪಾವನ ಬ್ರಾಹ್ಮಣ ಮನೆತನದ ಕವಿ. ಪ್ರಾಥಮಿಕ ಶಾಲೆ ಕಲಿತದ್ದು ಮುಂಬಯಿ ಬಳಿಯ ಕಲ್ಯಾಣದಲ್ಲಿ, 1869ರಿಂದ 1873ರವರೆಗೆ. ಮುಂದೆ ನಾಸಿಕದಲ್ಲಿ ಗಣೇಶಶಾಸ್ತ್ರಿ ಲೇಲೆಯವರ ಬಳಿ ಸಂಸ್ಕೃತ ಕಾವ್ಯದ ಪಾಠವಾಯಿತು.

1893ರಲ್ಲಿ ನಾಗಪುರದಿಂದ ರಾಜನಾಂದಗಾಂವ್‌ಗೆ ಹೊರಟ ರೈಲಿನಲ್ಲಿ ಜೊತೆಗಿದ್ದ ಪಾಶ್ಚಾತ್ಯ ಪ್ರಯಾಣಿಕನೊಬ್ಬ ಅವರ ಕೈಗೆ ಹೊಸ ಒಡಂಬಡಿಕೆಯ ಪ್ರತಿಯೊಂದನ್ನು ಕೊಟ್ಟ. ಓದುತ್ತ ಹೋದ ಟಿಳಕರು 1895ರ ಫೆಬ್ರವರಿ 10ರಂದು ಮುಂಬಯಿಯಲ್ಲಿ ದೀಕ್ಷಾಸ್ನಾನ ಪಡೆದರು. ಮನೆ ಒಡೆಯಿತು, ಪತ್ನಿ ಲಕ್ಷ್ಮೀಬಾಯಿ ಕೆಲವು ವರ್ಷ ದೂರವೇ ಉಳಿದರು. ಆ ದಿನಗಳ ಸಂಕಟವನ್ನೂ ತಮಾಷೆಯನ್ನೂ ಆಕೆಯ ಆತ್ಮಕಥೆ ‘ಸ್ಮೃತಿಚಿತ್ರೆ’ಯಷ್ಟು ನಿಸ್ಸಂಕೋಚವಾಗಿ ಹೇಳಿದ ಪುಸ್ತಕ ವಿರಳ.

ಮತ ಬದಲಿಸಿದರೂ ಟಿಳಕರು ಧಾಟಿ ಬದಲಿಸಲಿಲ್ಲ. ಹಾರ್ಮೋನಿಯಂ ಜೊತೆಗಿನ ಪಾಶ್ಚಾತ್ಯ ರಾಗಗಳು ಹಳ್ಳಿಯ ಕಿವಿಗೆ ಒಗ್ಗುತ್ತಿರಲಿಲ್ಲ. ಅವರು ಆರಿಸಿಕೊಂಡದ್ದು ಅಭಂಗ, ಓವಿ, ತಾಳ ಹಾಕುವ ಕೀರ್ತನೆ. ತುಕಾರಾಮನ ಸೇತುವೆ ದಾಟಿಯೇ ತಾನು ಕ್ರಿಸ್ತನ ಬಳಿಗೆ ಬಂದೆ ಎಂದು ಹೇಳಿಕೊಂಡವರು ಅವರು. (ನಮ್ಮ ನಿಘಂಟುಕಾರ ಕಿಟೆಲ್ ‘ಕಥಾಮಾಲೆ’ಯಲ್ಲಿ ಕ್ರಿಸ್ತಚರಿತೆಗೆ ಕನ್ನಡದ ಛಂದಸ್ಸು ಬಳಸಿದ್ದು 1862ರಲ್ಲಿ.)

ನಿಕೋಲ್ ಮ್ಯಾಕ್‌ನಿಕೋಲ್ ಅನುವಾದಿಸಿದ ಟಿಳಕರ ಗೀತೆಯೊಂದು ಇಂಗ್ಲಿಷ್ ಸ್ತೋತ್ರಪುಸ್ತಕಗಳನ್ನೂ ಸೇರಿತು. ಅರ್ಧಕ್ಕೆ ನಿಂತ ‘ಕ್ರಿಸ್ತಾಯನ’ ಮಹಾಕಾವ್ಯವನ್ನು ಅವರ ನಿಧನದ ನಂತರ ಮುಂದುವರಿಸಿ ಮುಗಿಸಿದವರು, ಶಾಲೆಯ ಮೆಟ್ಟಿಲೇ ಹತ್ತದ ಲಕ್ಷ್ಮೀಬಾಯಿ.