ಗೃಹ ಚಿತ್ರಮಂದಿರದ ಜೋಡಣೆ

ಗೃಹ ಚಿತ್ರಮಂದಿರ ಅಥವಾ ಹೋಮ್ ಥಿಯೇಟರ್ ಎಂಬುದು ದೊಡ್ಡ ಪರದೆಯ ಟಿ.ವಿ., ಧ್ವನಿಯನ್ನು ಬಿಡಿಸಿ ಹಂಚುವ ರಿಸೀವರ್ ಹಾಗೂ ಕೋಣೆಯ ಸುತ್ತ ಇರಿಸಿದ ಸ್ಪೀಕರ್‌ಗಳು ಸೇರಿ ಮನೆಯಲ್ಲಿಯೇ ಚಿತ್ರಮಂದಿರದ ಅನುಭವವನ್ನು ನೀಡುವ ವ್ಯವಸ್ಥೆ. ಈ ಉಪಕರಣಗಳನ್ನು ಪರಸ್ಪರ ಜೋಡಿಸುವ ಕ್ರಮವನ್ನೂ ಜೋಡಣೆಯ ನಂತರ ಸಾಮಾನ್ಯವಾಗಿ ಎದುರಾಗುವ ದೋಷಗಳನ್ನೂ ಈ ಲೇಖನ ವಿವರಿಸುತ್ತದೆ. ಹೊಸ ಟಿ.ವಿ. ಕೆಟ್ಟಿದೆ ಎಂದು ಅಂಗಡಿಗೆ ಹಿಂದಿರುಗಿಸುವ ಎಷ್ಟೋ ಪ್ರಸಂಗಗಳಲ್ಲಿ ದೋಷವಿರುವುದು ಟಿ.ವಿ.ಯಲ್ಲಲ್ಲ, ತಂತಿ ಸಿಕ್ಕಿಸಿದ ಜಾಗದಲ್ಲಿ ಅಥವಾ ಬದಲಿಸದೆ ಬಿಟ್ಟ ಒಂದು ಆಯ್ಕೆಯಲ್ಲಿ.

ಸ್ಥಳದ ಆಯ್ಕೆ

ಪರದೆಯ ಅಳತೆಯನ್ನು ಕರ್ಣದ ಉದ್ದದಲ್ಲಿ ಹೇಳುವುದು ರೂಢಿ. 55 ಇಂಚಿನ ಪರದೆಯ ಅಗಲ ಸುಮಾರು 122 ಸೆಂ.ಮೀ., ಎತ್ತರ ಸುಮಾರು 68 ಸೆಂ.ಮೀ. ನೋಡುವವರ ಕಣ್ಣಿಗೆ ಪರದೆ 30 ಡಿಗ್ರಿ ಕೋನದಷ್ಟು ವ್ಯಾಪಿಸಬೇಕೆಂಬ ಲೆಕ್ಕ ಹಿಡಿದರೆ ಆಸನವು ಕರ್ಣದ ಒಂದೂವರೆ ಪಟ್ಟಿಗಿಂತ ತುಸು ಹೆಚ್ಚು ದೂರದಲ್ಲಿರಬೇಕು. 55 ಇಂಚಿಗೆ ಇದು ಸುಮಾರು 2.2 ಮೀಟರ್. ಕುಳಿತವರ ಕಣ್ಣಿನ ಮಟ್ಟಕ್ಕೆ ಪರದೆಯ ನಡುಭಾಗ ಬರುವುದು ಉತ್ತಮ. ದೇವರ ಪಟ ತೂಗುಹಾಕುವ ಎತ್ತರದಲ್ಲಿ ಟಿ.ವಿ.ಯನ್ನೂ ಬಿಗಿಯುವ ಅಭ್ಯಾಸ ಕುತ್ತಿಗೆ ನೋವಿಗೆ ದಾರಿ.

ಗೋಡೆಗೆ ಬಿಗಿಯುವ ಚೌಕಟ್ಟು ಟಿ.ವಿ.ಯ ಹಿಂಬದಿಯ ರಂಧ್ರಗಳ ಅಂತರಕ್ಕೆ ಹೊಂದಬೇಕು. ವೆಸಾ ಎಂಬ ಮಾನದಂಡದಂತೆ ಈ ಅಂತರ 200 ಅಥವಾ 400 ಮಿ.ಮೀ. ಮುಂತಾಗಿ ನಿಗದಿಯಾಗಿರುತ್ತದೆ. ಮೇಜಿನ ಮೇಲೆ ಇಡುವುದಾದರೆ, ಚಿಕ್ಕ ಮಕ್ಕಳಿರುವ ಮನೆಯಲ್ಲಿ ಹಿಂದಿನಿಂದ ಗೋಡೆಗೆ ಪಟ್ಟಿ ಬಿಗಿಯುವುದು ಅತ್ಯವಶ್ಯ. ಹಗುರವಾದ ಇಂದಿನ ಟಿ.ವಿ.ಗಳು ಸುಲಭವಾಗಿ ಮುಂದಕ್ಕೆ ಮಗುಚುತ್ತವೆ.

ತಂತಿಗಳು ಮತ್ತು ಸಂಪರ್ಕ

ಇಂದು ಚಿತ್ರ ಮತ್ತು ಧ್ವನಿ ಎರಡನ್ನೂ ಒಯ್ಯುವ ಮುಖ್ಯ ತಂತಿ ಎಚ್‌ಡಿಎಂಐ. 19 ಸೂಜಿಗಳ ಈ ಸಂಪರ್ಕದ ಮೊದಲ ಆವೃತ್ತಿ 2002ರಲ್ಲಿ ಪ್ರಕಟವಾಯಿತು. ಆರಂಭದಲ್ಲಿ ಇದು ಏಕಮುಖ ಮಾರ್ಗವಾಗಿತ್ತು: ಸೆಟ್‌ಟಾಪ್ ಬಾಕ್ಸ್ ಅಥವಾ ಡಿಸ್ಕ್ ಪ್ಲೇಯರ್‌ನಿಂದ ಟಿ.ವಿ.ಗೆ ಮಾತ್ರ ಸಂಕೇತ ಹರಿಯುತ್ತಿತ್ತು. 2009ರ 1.4 ಆವೃತ್ತಿಯಲ್ಲಿ ಟಿ.ವಿ.ಯಿಂದ ರಿಸೀವರಿಗೆ ಅದೇ ತಂತಿಯಲ್ಲಿ ಧ್ವನಿಯನ್ನು ಹಿಂದಕ್ಕೆ ಕಳುಹಿಸುವ ಸೌಲಭ್ಯ ಸೇರಿತು. ಇದಕ್ಕೆ ಎಆರ್‌ಸಿ ಎಂದು ಹೆಸರು. 2017ರ 2.1 ಆವೃತ್ತಿಯ ಇಎಆರ್‌ಸಿ ಇದರ ವಿಸ್ತೃತ ರೂಪವಾಗಿದ್ದು, ಸಂಕುಚಿತಗೊಳಿಸದ ಬಹುಪಥ ಧ್ವನಿಯನ್ನೂ ಒಯ್ಯಬಲ್ಲದು.

ಮೊಬೈಲ್ ತಂತ್ರಾಂಶಗಳಂತೆಯೇ ಚಲನಚಿತ್ರ ಸೇವೆಗಳೂ ಈಗ ಟಿ.ವಿ.ಯೊಳಗೇ ಇರುವುದರಿಂದ ಈ ಹಿಮ್ಮುಖ ಮಾರ್ಗಕ್ಕೆ ಮಹತ್ವ ಬಂದಿದೆ. ಟಿ.ವಿ.ಯ ಹಿಂಬದಿಯ ಮೂರು ನಾಲ್ಕು ಎಚ್‌ಡಿಎಂಐ ಕಿಂಡಿಗಳಲ್ಲಿ ಸಾಮಾನ್ಯವಾಗಿ ಒಂದಕ್ಕೆ ಮಾತ್ರ ಎಆರ್‌ಸಿ ಗುರುತಿರುತ್ತದೆ. ತಂತಿಯ ಒಂದು ತುದಿ ಅಲ್ಲಿಗೆ, ಇನ್ನೊಂದು ತುದಿ ರಿಸೀವರಿನ ‘ಔಟ್’ ಎಂದು ಬರೆದ ಕಿಂಡಿಗೆ ಸೇರಬೇಕು. ಧ್ವನಿ ರಿಸೀವರಿನ ಒಳಗೆ ಬರಬೇಕಲ್ಲವೇ ಎಂದು ತರ್ಕಿಸಿ ‘ಇನ್’ ಕಿಂಡಿಗೆ ಸಿಕ್ಕಿಸುವುದು ಬಹಳ ಸಹಜವಾದ ತಪ್ಪು.

ಎಆರ್‌ಸಿ ಇಲ್ಲದ ಹಳೆಯ ಉಪಕರಣಗಳಿಗೆ ಬೆಳಕಿನ ಮೂಲಕ ಧ್ವನಿ ಸಾಗಿಸುವ ಆಪ್ಟಿಕಲ್ ತಂತಿ ನೆರವಾಗುತ್ತದೆ. ತೋಷಿಬಾ ಸಂಸ್ಥೆ 1983ರಲ್ಲಿ ಪರಿಚಯಿಸಿದ ಈ ತಂತಿ ಎರಡು ಪಥಗಳ ಸಾದಾ ಧ್ವನಿಯನ್ನು ಅಥವಾ ಸಂಕುಚಿತ 5.1 ಧ್ವನಿಯನ್ನು ಒಯ್ಯುತ್ತದೆ. ಹೊಸ ಆಪ್ಟಿಕಲ್ ತಂತಿಯ ತುದಿಗಳಿಗೆ ಪಾರದರ್ಶಕ ಪ್ಲಾಸ್ಟಿಕ್ ಟೊಪ್ಪಿಗೆ ಇರುತ್ತದೆ. ಅದನ್ನು ತೆಗೆಯದೆ ಒತ್ತಿ ಸೇರಿಸಲು ಹೆಣಗಿ, ಕಿಂಡಿಯನ್ನೇ ಮುರಿದುಕೊಂಡವರೂ ಇದ್ದಾರೆ.

ತಂತಿಯ ಬೆಲೆಯ ಕುರಿತು ಒಂದು ಮಾತು. ಡಿಜಿಟಲ್ ಸಂಕೇತವು ಸರಿಯಾಗಿ ತಲುಪಿದ ಮೇಲೆ ಚಿನ್ನದ ಲೇಪನವಾಗಲಿ ದುಬಾರಿ ಹೊದಿಕೆಯಾಗಲಿ ಬಣ್ಣವನ್ನು ಹೆಚ್ಚು ಸುಂದರಗೊಳಿಸಲಾರವು. 4ಕೆ ಚಿತ್ರವನ್ನು ಸೆಕೆಂಡಿಗೆ 60 ಚೌಕಟ್ಟುಗಳಂತೆ ನೋಡಲು 18 ಗಿಗಾಬಿಟ್ ಸಾಮರ್ಥ್ಯದ ಪ್ರಮಾಣೀಕೃತ ತಂತಿ ಸಾಕು. ಹಣ ಉಳಿಯುವುದಾದರೆ ಅದನ್ನು ಸ್ಪೀಕರಿಗೆ ವಿನಿಯೋಗಿಸುವುದು ಜಾಣತನ.

ಸ್ಪೀಕರ್‌ಗಳ ವಿನ್ಯಾಸ

5.1 ವ್ಯವಸ್ಥೆಯಲ್ಲಿ ಐದು ಸ್ಪೀಕರ್‌ಗಳೂ ಮಂದ್ರ ಧ್ವನಿಗೆಂದೇ ಮೀಸಲಾದ ಒಂದು ಸಬ್‌ವೂಫರ್ ಸಹ ಇರುತ್ತವೆ. ಕುಳಿತವರ ನೇರ ಎದುರಿಗೆ ಮಧ್ಯದ ಸ್ಪೀಕರ್, ಅದರ ಎಡಬಲಗಳಲ್ಲಿ 30 ಡಿಗ್ರಿಯಷ್ಟು ಕೋನದಲ್ಲಿ ಮುಂದಿನ ಜೋಡಿ, 100ರಿಂದ 120 ಡಿಗ್ರಿಗಳಲ್ಲಿ, ಅಂದರೆ ಪಕ್ಕಕ್ಕಿಂತ ತುಸು ಹಿಂದೆ, ಸುತ್ತುವರಿಯುವ ಜೋಡಿ. ಹಿಂದಿನ ಸ್ಪೀಕರ್‌ಗಳನ್ನೂ ಅನುಕೂಲಕ್ಕಾಗಿ ಟಿ.ವಿ.ಯ ಪಕ್ಕದಲ್ಲೇ ಸಾಲಾಗಿ ಜೋಡಿಸಿಟ್ಟರೆ ಅವುಗಳ ಉದ್ದೇಶವೇ ವ್ಯರ್ಥವಾಗುತ್ತದೆ.

ಪ್ರತಿ ಸ್ಪೀಕರಿಗೂ ಎರಡು ಎಳೆಗಳ ತಂತಿ. ರಿಸೀವರಿನ ಕೆಂಪು ಸ್ಪೀಕರಿನ ಕೆಂಪಿಗೂ ಕಪ್ಪು ಕಪ್ಪಿಗೂ ಸೇರಬೇಕು. ಮುಂದಿನ ಜೋಡಿಯಲ್ಲಿ ಒಂದು ಮಾತ್ರ ತಿರುಗಿದರೆ ಎರಡರ ಅಲೆಗಳೂ ಒಂದನ್ನೊಂದು ಅಳಿಸಿ, ಮಂದ್ರ ಸ್ವರ ಕ್ಷೀಣಿಸುತ್ತದೆ, ಧ್ವನಿ ಎಲ್ಲಿಂದ ಬರುತ್ತಿದೆಯೆಂದೇ ತಿಳಿಯದಂತಾಗುತ್ತದೆ. ತಂತಿಯ ಒಂದು ಕೂದಲೆಳೆ ಪಕ್ಕದ ತಿರುಪಿಗೆ ತಗುಲಿದರೂ ರಿಸೀವರ್ ತನ್ನ ರಕ್ಷಣೆಗಾಗಿ ತಾನೇ ಆರಿಹೋಗುತ್ತದೆ.

ಸಬ್‌ವೂಫರ್ ಎಲ್ಲಿರಬೇಕೆಂಬುದಕ್ಕೆ ನಿಶ್ಚಿತ ನಿಯಮವಿಲ್ಲ. ಮೂಲೆಯಲ್ಲಿ ಇಟ್ಟರೆ ಗುಡುಗು ಹೆಚ್ಚು, ಸ್ಪಷ್ಟತೆ ಕಡಿಮೆ. ಅದನ್ನು ತಾತ್ಕಾಲಿಕವಾಗಿ ಆಸನದ ಜಾಗದಲ್ಲೇ ಇರಿಸಿ, ಹಾಡೊಂದನ್ನು ನುಡಿಸುತ್ತ ಕೋಣೆಯಲ್ಲಿ ಓಡಾಡಿದರೆ ಧ್ವನಿ ಹಿತವಾಗಿ ಕೇಳುವ ಜಾಗವೇ ಅದಕ್ಕೆ ತಕ್ಕ ಜಾಗ.

ಧ್ವನಿಯ ದೋಷಗಳು

ಚಿತ್ರ ಬಂದು ಧ್ವನಿ ಬಾರದಿದ್ದರೆ ಮೊದಲು ನೋಡಬೇಕಾದದ್ದು ಟಿ.ವಿ.ಯ ಧ್ವನಿ ಆಯ್ಕೆ. ಅದು ಒಳಗಿನ ಸ್ಪೀಕರಿಗೇ ನಿಗದಿಯಾಗಿದ್ದರೆ ರಿಸೀವರಿಗೆ ಏನೂ ತಲುಪದು. ಎರಡನೆಯದು ಸಿಇಸಿ ಎಂಬ ಪರಸ್ಪರ ನಿಯಂತ್ರಣ ವ್ಯವಸ್ಥೆ. ಅದು ಆರಿಸಿದ್ದರೆ ಅನೇಕ ಟಿ.ವಿ.ಗಳಲ್ಲಿ ಎಆರ್‌ಸಿಯೂ ಕೆಲಸ ಮಾಡುವುದಿಲ್ಲ. ತಯಾರಕರು ಇದಕ್ಕೆ ಬ್ರಾವಿಯಾ ಸಿಂಕ್, ಎನಿನೆಟ್ ಪ್ಲಸ್, ಸಿಂಪ್‌ಲಿಂಕ್ ಎಂದು ಬೇರೆ ಬೇರೆ ಹೆಸರಿಟ್ಟಿರುವುದರಿಂದ ಬಳಕೆದಾರರಿಗೆ ಅದನ್ನು ಹುಡುಕುವುದೇ ಕಷ್ಟ. ಎರಡೂ ಸರಿಯಿದ್ದರೆ ಧ್ವನಿಯ ಸ್ವರೂಪವನ್ನು ಪಿಸಿಎಂ ಎಂದು ಬದಲಿಸಿ ನೋಡಬೇಕು. ಆಗ ಧ್ವನಿ ಬಂದರೆ ತಂತಿ ಸರಿಯಿದೆ, ಮೊದಲಿನ ಸ್ವರೂಪ ರಿಸೀವರಿಗೆ ಅರ್ಥವಾಗುತ್ತಿಲ್ಲ ಎಂದು ನಿಶ್ಚಯಿಸಬಹುದು. ಎಲ್ಲ ಉಪಕರಣಗಳ ಪ್ಲಗ್ಗುಗಳನ್ನು ಕಿತ್ತು ಎರಡು ನಿಮಿಷ ಬಿಟ್ಟು ಮತ್ತೆ ಹಾಕುವುದು ಸಹ ಅನೇಕ ಬಾರಿ ಫಲ ನೀಡುತ್ತದೆ, ಏಕೆಂದರೆ ರಿಮೋಟಿನಿಂದ ಆರಿಸಿದಾಗ ಅವು ಪೂರ್ತಿ ಆರಿರುವುದಿಲ್ಲ.

ಸಂಗೀತ ಗಟ್ಟಿ, ಮಾತು ಅಸ್ಪಷ್ಟ ಎಂಬ ದೂರು ಹಿರಿಯರಿರುವ ಮನೆಗಳಲ್ಲಿ ಹೆಚ್ಚು. ಇದನ್ನು ವಯಸ್ಸಿನ ಕಿವಿಮಂದಕ್ಕೆ ಆರೋಪಿಸಿ ಸುಮ್ಮನಾಗುವುದು ಸರಿಯಲ್ಲ. 5.1 ಧ್ವನಿಯಲ್ಲಿ ಸಂಭಾಷಣೆಯ ಬಹುಪಾಲು ಮಧ್ಯದ ಸ್ಪೀಕರಿನಿಂದಲೇ ಬರುತ್ತದೆ. ಅದರ ತಂತಿ ಕಳಚಿದ್ದರೆ, ಅಥವಾ ಆ ಸ್ಪೀಕರೇ ಇಲ್ಲದಿದ್ದರೂ ಇದೆಯೆಂದು ರಿಸೀವರಿನಲ್ಲಿ ನಮೂದಾಗಿದ್ದರೆ, ವಾದ್ಯಗಳೆಲ್ಲ ಕೇಳಿ ಮಾತು ಮಾತ್ರ ಮಾಯವಾಗುತ್ತದೆ. ರಿಸೀವರಿನ ಪರೀಕ್ಷಾ ಧ್ವನಿಯನ್ನು ಹಾಕಿ ಒಂದೊಂದೇ ಸ್ಪೀಕರನ್ನು ಆಲಿಸಿದರೆ ಇದು ಕೂಡಲೇ ಬಯಲಾಗುತ್ತದೆ. ಮಧ್ಯದ ಸ್ಪೀಕರಿನ ಮಟ್ಟವನ್ನು ಎರಡು ಮೂರು ಡೆಸಿಬೆಲ್ ಏರಿಸಿದರೆ ಅಜ್ಜ ಅಜ್ಜಿಯರಿಗೂ ಕಥೆ ತಿಳಿಯುತ್ತದೆ, ಉಳಿದವರಿಗೆ ಅಬ್ಬರವೂ ಹೆಚ್ಚದು.

ತುಟಿಗೂ ಮಾತಿಗೂ ಹೊಂದಿಕೆ ತಪ್ಪುವುದು ಇನ್ನೊಂದು ತೊಂದರೆ. ಚಿತ್ರವನ್ನು ಸಂಸ್ಕರಿಸಲು ಟಿ.ವಿ. ಸಮಯ ತೆಗೆದುಕೊಳ್ಳುವುದರಿಂದ ಮಾತು ಮುಂದಾಗಿ ಕೇಳಬಹುದು. ಸಿಡಿಲಿನಲ್ಲಿ ಬೆಳಕಿನ ನಂತರವೇ ಸದ್ದು ಬರುವುದನ್ನು ರೂಢಿಸಿಕೊಂಡ ಮನುಷ್ಯನಿಗೆ ಹಿಂದುಳಿದ ಮಾತಿಗಿಂತ ಮುಂದೋಡಿದ ಮಾತು ಬೇಗ ಗಮನಕ್ಕೆ ಬರುತ್ತದೆ. ರಿಸೀವರಿನಲ್ಲಿ ಧ್ವನಿಯನ್ನು ಮಿಲಿಸೆಕೆಂಡುಗಳಲ್ಲಿ ತಡಮಾಡುವ ಆಯ್ಕೆಯಿಂದ ಇದನ್ನು ಸರಿಪಡಿಸಬಹುದು. ಬ್ಲೂಟೂತ್ ಸ್ಪೀಕರಿನಲ್ಲಾದರೆ ಸಾಮಾನ್ಯವಾಗಿ ಮಾತೇ ಹಿಂದುಳಿಯುತ್ತದೆ. ಅಲ್ಲಿ ತಂತಿಯೇ ಪರಿಹಾರ.

ಚಿತ್ರದ ದೋಷಗಳು

ಸಂಕೇತವಿಲ್ಲ ಎಂಬ ಸೂಚನೆ ಬಂದರೆ ರಿಮೋಟಿನಲ್ಲಿ ಸರಿಯಾದ ಕಿಂಡಿಯನ್ನು ಆರಿಸಿಲ್ಲವೆಂದೇ ಹೆಚ್ಚಿನ ಸಲ ಅರ್ಥ. ಪರದೆಯಲ್ಲಿ ಮಿಣುಕುವ ಚುಕ್ಕೆಗಳು ಅಥವಾ ಆಗಾಗ ಕಪ್ಪಾಗುವಿಕೆ ತಂತಿಯ ದೌರ್ಬಲ್ಯದ ಲಕ್ಷಣ. ಸಾಮಾನ್ಯ ಚಿತ್ರ ಬಂದು 4ಕೆ ಮಾತ್ರ ಬಾರದಿದ್ದರೆ, ನಡುವಿನ ಯಾವುದೋ ಉಪಕರಣ ಎಚ್‌ಡಿಸಿಪಿ 2.2 ಎಂಬ ನಕಲು ತಡೆ ವ್ಯವಸ್ಥೆಗೆ ಹೊಂದದಿರಬಹುದು. ಮಳೆಯ ಹೊತ್ತಿನಲ್ಲಿ ಡಿಟಿಎಚ್ ಚಿತ್ರ ತುಂಡಾಗುವುದಕ್ಕೆ ಟಿ.ವಿ. ಕಾರಣವಲ್ಲ, ಉಪಗ್ರಹದ ಕೆಯು ಪಟ್ಟಿಯ ತರಂಗಗಳನ್ನು ಮಳೆಹನಿಗಳು ಹೀರಿಕೊಳ್ಳುತ್ತವೆ.

ವಿದ್ಯುತ್ ಸುರಕ್ಷತೆ

ಸ್ಪೀಕರಿನಲ್ಲಿ ನಿರಂತರ ಗುಂಯ್‌ಗುಡುವ ಸದ್ದು ಭಾರತದ 50 ಹರ್ಟ್ಸ್ ವಿದ್ಯುತ್ತಿನ ಛಾಯೆ. ಡಿಶ್ ಅಥವಾ ಕೇಬಲ್ ತಂತಿಯನ್ನು ಬಿಚ್ಚಿದಾಗ ಸದ್ದು ನಿಂತರೆ ಅದು ಆ ದಾರಿಯಿಂದಲೇ ಬರುತ್ತಿದೆ. ಸದ್ದು ನಿಲ್ಲಿಸಲೆಂದು ಮೂರು ಕಡ್ಡಿಯ ಪ್ಲಗ್ಗಿನ ದಪ್ಪ ಕಡ್ಡಿಯನ್ನು ಕತ್ತರಿಸುವುದು ಪ್ರಾಣಾಪಾಯಕರ. ಉಳಿದೆರಡಕ್ಕಿಂತ ಉದ್ದವಾಗಿರುವ ಆ ಅರ್ಥಿಂಗ್ ಕಡ್ಡಿ ಮೊದಲು ಸೇರಿ ಕೊನೆಗೆ ಬಿಡುವಂತೆ ರಚಿತವಾಗಿದೆ. ರಿಸೀವರಿನ ಲೋಹದ ಮೈ ಮುಟ್ಟಿದಾಗ ಜುಮ್ಮೆಂದರೆ ಪರವಾನಗಿ ಪಡೆದ ಎಲೆಕ್ಟ್ರಿಷಿಯನ್ನರಿಂದ ಮನೆಯ ಅರ್ಥಿಂಗ್ ಪರೀಕ್ಷಿಸಬೇಕು.

ಕರ್ನಾಟಕದಲ್ಲಿ ಏಪ್ರಿಲ್ ಮತ್ತು ಮೇ ತಿಂಗಳುಗಳ ಗುಡುಗುಮಳೆ ಈ ಉಪಕರಣಗಳ ದೊಡ್ಡ ಶತ್ರು. ಸ್ವಿಚ್ ಆರಿಸುವುದು ಸಾಲದು, ಪ್ಲಗ್ ಕೀಳಬೇಕು. ಜೊತೆಗೆ ಡಿಶ್‌ನಿಂದ ಬರುವ ತಂತಿಯನ್ನೂ ಸೆಟ್‌ಟಾಪ್ ಬಾಕ್ಸಿನಿಂದ ಬಿಚ್ಚಬೇಕು. ತಾರಸಿಯ ಮೇಲಿನ ಡಿಶ್‌ನಿಂದ ಸಿಡಿಲಿನ ವಿದ್ಯುತ್ತು ಆ ತಂತಿಯಲ್ಲಿ ಇಳಿದು, ಎಚ್‌ಡಿಎಂಐ ಮೂಲಕ ಟಿ.ವಿ.ಯನ್ನೂ ರಿಸೀವರನ್ನೂ ಒಟ್ಟಿಗೆ ಸುಡಬಲ್ಲದು. ಸ್ಪೈಕ್ ಗಾರ್ಡ್ ಸಣ್ಣ ಏರಿಳಿತಗಳನ್ನು ತಡೆದೀತೇ ಹೊರತು ಸಿಡಿಲನ್ನಲ್ಲ. ಈ ಕೆಲಸವನ್ನು ಮೋಡ ಕವಿಯುವಾಗಲೇ ಮುಗಿಸಬೇಕು. ಗುಡುಗು ತಲೆಯ ಮೇಲೆ ಬಂದ ನಂತರ ಯಾವ ತಂತಿಯನ್ನೂ ಮುಟ್ಟಬಾರದು.