ಸೆರೆಬ್ರಲ್ ಪಾಲ್ಸಿ: ತಿಳಿವಳಿಕೆ ಮತ್ತು ಆರೈಕೆಯ ಇತಿಹಾಸ

ಸೆರೆಬ್ರಲ್ ಪಾಲ್ಸಿ ಎಂದರೆ, ಇನ್ನೂ ಬೆಳೆಯುತ್ತಿರುವ ಮಿದುಳಿಗೆ ಗರ್ಭದಲ್ಲೋ ಹೆರಿಗೆಯ ಹೊತ್ತಿಗೋ ಹುಟ್ಟಿದ ಮೇಲಿನ ಎಳವೆಯಲ್ಲೋ ಪೆಟ್ಟಾಗಿ, ಚಲನೆ ಮತ್ತು ಭಂಗಿಯಲ್ಲಿ ಜೀವನಪೂರ್ತಿ ಉಳಿಯುವ ತೊಂದರೆಗಳ ಗುಂಪು. ಕನ್ನಡದಲ್ಲಿ ಮಿದುಳಿನ ಪಾರ್ಶ್ವವಾಯು ಎಂದು ಬರೆಯುವುದುಂಟು. ಆಸ್ಪತ್ರೆಯಲ್ಲೂ ಮನೆಗಳಲ್ಲೂ 'ಸಿಪಿ' ಎಂದೇ ಬಳಕೆ. ಮಿದುಳಿನ ಗಾಯ ಹಿಗ್ಗುವುದಿಲ್ಲ. ಆದರೆ ಮಗು ಬೆಳೆದಂತೆ ಸ್ನಾಯು, ಮೂಳೆ, ಕೀಲುಗಳ ಮೇಲೆ ಅದರ ಪರಿಣಾಮ ಬದಲಾಗುತ್ತಲೇ ಹೋಗುತ್ತದೆ. ಕೆಲವರಿಗೆ ಕೈಕಾಲು ಬಿಗಿಯುತ್ತದೆ, ಕೆಲವರಿಗೆ ಬೇಡದ ಚಲನೆಗಳು ತಾವಾಗಿ ಬರುತ್ತವೆ, ಇನ್ನು ಕೆಲವರಿಗೆ ಸಮತೋಲನ ಸಿಗುವುದಿಲ್ಲ. ಜೊತೆಗೆ ಮೂರ್ಛೆರೋಗ, ಮಾತು, ನುಂಗುವಿಕೆ, ದೃಷ್ಟಿಯ ತೊಂದರೆಗಳೂ ಇರಬಹುದು. ಬುದ್ಧಿಮಾಂದ್ಯ ಇರಲೇಬೇಕೆಂದಿಲ್ಲ. ಸೊಟ್ಟ ಮಾತನ್ನು ಕೇಳಿ ಬುದ್ಧಿಯನ್ನು ಅಳೆಯುವ ತಪ್ಪು ಈ ಇತಿಹಾಸದುದ್ದಕ್ಕೂ ನಡೆದಿದೆ. ಇದು ಸಾವಿರ ಜನನಗಳಲ್ಲಿ ಸುಮಾರು ಎರಡರಲ್ಲಿ ಕಾಣಿಸಿಕೊಳ್ಳುತ್ತದೆ ಎಂಬುದು ಬಹುಕಾಲ ಬಳಸಿಕೊಂಡು ಬಂದ ಅಂದಾಜು.

ಲಿಟ್ಲ್ ಮತ್ತು ಫ್ರಾಯ್ಡ್

ಈ ಕಥೆ ಲಂಡನ್ನಿನ ವಿಲಿಯಂ ಜಾನ್ ಲಿಟ್ಲ್ (1810–1894) ಎಂಬ ವೈದ್ಯನಿಂದ ಶುರುವಾಗುತ್ತದೆ ಎನ್ನುವುದು ವಾಡಿಕೆ. ಹುಟ್ಟಿನಿಂದ ಪಾರ್ಶ್ವವಾಯು ಇದ್ದವರ ಮಿದುಳು ಒಂದು ಬದಿ ಕುಗ್ಗಿರುವುದನ್ನು ಫ್ರಾನ್ಸಿನ ಕಜೋವಿಯೆಲ್ 1827ರಲ್ಲೇ ವರದಿ ಮಾಡಿದ್ದ. ಆದರೆ ಮಕ್ಕಳನ್ನು ಸಾಲುಸಾಲಾಗಿ ನೋಡಿ, ತಾಯಂದಿರನ್ನು ವಿಚಾರಿಸಿ, ಹೆರಿಗೆಯ ವಿವರ ಬರೆದಿಟ್ಟುಕೊಂಡವನು ಲಿಟ್ಲ್. ಎಳವೆಯ ಕಾಯಿಲೆಯಿಂದ ಈತನ ಪಾದವೇ ಸೊಟ್ಟಗಾಗಿತ್ತು. ಜರ್ಮನಿಯ ಹ್ಯಾನೋವರಿನಲ್ಲಿ ಸ್ಟ್ರೋಮಾಯರ್ ಎಂಬ ಶಸ್ತ್ರವೈದ್ಯ ಚರ್ಮದಲ್ಲಿ ಸಣ್ಣ ತೂತು ಮಾಡಿ ಹಿಮ್ಮಡಿಯ ಸ್ನಾಯುರಜ್ಜುವನ್ನು ಕತ್ತರಿಸುವ ಹೊಸ ವಿಧಾನ ಕಂಡುಕೊಂಡಿದ್ದ. 1836ರಲ್ಲಿ ಲಿಟ್ಲ್ ಅಲ್ಲಿಗೆ ಹೋಗಿ ತನ್ನ ಪಾದ ಸರಿಮಾಡಿಸಿಕೊಂಡ, ವಿಧಾನವನ್ನೂ ಕಲಿತುಬಂದ. ಲಂಡನ್ನಿನಲ್ಲಿ ಅವನು ಕಟ್ಟಿದ ಚಿಕಿತ್ಸಾಲಯವೇ ಮುಂದೆ ರಾಯಲ್ ಆರ್ಥೋಪೀಡಿಕ್ ಆಸ್ಪತ್ರೆಯಾಯಿತು.

1861ರಲ್ಲಿ ಲಂಡನ್ನಿನ ಪ್ರಸೂತಿ ವೈದ್ಯರ ಸಂಘದ ಮುಂದೆ ಈತ ಓದಿದ ಪ್ರಬಂಧದ ವಾದ ನೇರವಾಗಿತ್ತು: ದಿನ ತುಂಬುವ ಮೊದಲೇ ಹುಟ್ಟಿದ, ಕಷ್ಟದ ಹೆರಿಗೆಯಲ್ಲಿ ಸಿಕ್ಕಿಕೊಂಡ, ಹುಟ್ಟಿದಾಗ ಉಸಿರಾಡದ ಶಿಶುಗಳಲ್ಲಿ ಕೆಲವು ಮುಂದೆ ಕೈಕಾಲು ಬಿಗಿದುಕೊಂಡು, ತೊಡೆಗಳನ್ನು ಒಂದರ ಮೇಲೊಂದು ಹಾಕಿ ಕತ್ತರಿಯ ಹಾಗೆ ನಡೆಯುತ್ತವೆ, ಮೂಲ ಇರುವುದು ಕಾಲಿನಲ್ಲಲ್ಲ, ನರಮಂಡಲದಲ್ಲಿ. ಅವಧಿಗೆ ಮುಂಚೆ ಹುಟ್ಟಿ ವಿರೂಪಗೊಂಡವನಾಗಿ ಷೇಕ್ಸ್‌ಪಿಯರ್ ಚಿತ್ರಿಸಿದ ಮೂರನೆಯ ರಿಚರ್ಡ್‌ನನ್ನೂ ಅವನು ಉದಾಹರಿಸಿದ. 2012ರಲ್ಲಿ ಲೆಸ್ಟರ್ ನಗರದಲ್ಲಿ ಆ ದೊರೆಯ ಅಸ್ಥಿಪಂಜರವೇ ಸಿಕ್ಕಿತು. ಬೆನ್ನುಮೂಳೆ ಪಕ್ಕಕ್ಕೆ ಬಾಗಿತ್ತು, ಕೈಕಾಲು ನೆಟ್ಟಗಿದ್ದವು. ಉದಾಹರಣೆ ಬಿದ್ದುಹೋದರೂ ವಾದ ನಿಂತಿತು. ಈ ಸ್ಥಿತಿಗೆ ದಶಕಗಳ ಕಾಲ 'ಲಿಟ್ಲ್‌ನ ಕಾಯಿಲೆ' ಎಂಬ ಹೆಸರೇ ಇತ್ತು. ಸೆರೆಬ್ರಲ್ ಪಾಲ್ಸಿ ಎಂಬ ಹೆಸರನ್ನು ಚಲಾವಣೆಗೆ ತಂದದ್ದು ವಿಲಿಯಂ ಆಸ್ಲರ್ 1889ರಲ್ಲಿ 151 ರೋಗಿಗಳ ವಿವರದೊಂದಿಗೆ ಪ್ರಕಟಿಸಿದ ಪುಸ್ತಕ.

ಲಿಟ್ಲ್‌ನ ವಾದವನ್ನು ತಿರುಗಿಸಿ ನೋಡಿದವನು ಸಿಗ್ಮಂಡ್ ಫ್ರಾಯ್ಡ್. ಮನೋವಿಶ್ಲೇಷಣೆಯ ಹೆಸರಿಗೆ ಮುಂಚೆ ಈತ ವಿಯೆನ್ನಾದಲ್ಲಿ ಮಕ್ಕಳ ನರರೋಗಗಳನ್ನು ನೋಡುತ್ತಿದ್ದ. 1891, 1893 ಮತ್ತು 1897ರಲ್ಲಿ ಮಕ್ಕಳ ಮಿದುಳಿನ ಪಾರ್ಶ್ವವಾಯುವಿನ ಬಗ್ಗೆ ಪಾಂಡಿತ್ಯದ ಗ್ರಂಥಗಳನ್ನು ಬರೆದ. ಕೊನೆಯದನ್ನು ಬರೆಯುವ ಹೊತ್ತಿಗೆ ಅವನಿಗೆ ಈ ವಿಷಯ ಬೇಸರ ತಂದಿತ್ತು, ಮನಸ್ಸು ಕನಸುಗಳ ಕಡೆ ವಾಲಿತ್ತು ಎಂಬುದು ಅವನ ಪತ್ರಗಳಿಂದ ತಿಳಿಯುತ್ತದೆ. ಬೇಸರದಲ್ಲಿ ಬರೆದ ಪುಸ್ತಕದಲ್ಲಿ ಹೊಳಹು ಮಾತ್ರ ಕಡಿಮೆಯಿರಲಿಲ್ಲ. ಕಷ್ಟದ ಹೆರಿಗೆ ಎಷ್ಟೋ ಸಲ ಕಾರಣವಲ್ಲ, ಲಕ್ಷಣ. ಗರ್ಭದಲ್ಲೇ ಬೆಳವಣಿಗೆ ಹಾದಿ ತಪ್ಪಿದ್ದರಿಂದ ಹೆರಿಗೆಯೂ ಕಷ್ಟವಾಗಿರಬಹುದು ಎಂದು ಅವನು ಅನುಮಾನಿಸಿದ. ಈ ಮಾತಿಗೆ ಬೆಲೆ ಬರಲು ತೊಂಬತ್ತು ವರ್ಷ ಹಿಡಿಯಿತು.

ಕಾರಣದ ಹುಡುಕಾಟ

ಅಷ್ಟರವರೆಗೆ ವೈದ್ಯಲೋಕ ಲಿಟ್ಲ್‌ನ ಮಾತನ್ನೇ, ಅವನು ಹೇಳಿದ್ದಕ್ಕಿಂತಲೂ ಬಿಗಿಯಾಗಿ, ಹಿಡಿದುಕೊಂಡಿತು. ತಪ್ಪು ಹೆರಿಗೆ ಮಾಡಿಸಿದವರದು, ಇಲ್ಲವೇ ತಾಯಿಯದು. 1960ರ ದಶಕದ ಕೊನೆಯಿಂದ ಗರ್ಭಸ್ಥ ಶಿಶುವಿನ ಎದೆಬಡಿತವನ್ನು ಎಡೆಬಿಡದೆ ದಾಖಲಿಸುವ ಯಂತ್ರಗಳು ಬಂದವು. ಸಿಸೇರಿಯನ್‌ಗಳು ಹಲವು ಪಟ್ಟು ಏರಿದವು. ಸೆರೆಬ್ರಲ್ ಪಾಲ್ಸಿ ಕಡಿಮೆಯಾಗಬೇಕಿತ್ತು; ಆಗಲಿಲ್ಲ. ಅಮೆರಿಕದಲ್ಲಿ 1959ರಿಂದ 1966ರವರೆಗೆ ಐವತ್ತು ಸಾವಿರಕ್ಕೂ ಹೆಚ್ಚು ಬಸುರಿಗಳನ್ನು ಸೇರಿಸಿಕೊಂಡು, ಅವರ ಮಕ್ಕಳನ್ನು ಏಳನೆಯ ವಯಸ್ಸಿನವರೆಗೆ ಹಿಂಬಾಲಿಸಿದ ದೊಡ್ಡ ಅಧ್ಯಯನವೊಂದು ನಡೆಯಿತು. ಅದರ ದಾಖಲೆಗಳನ್ನು ಜಾಲಾಡಿದ ಕ್ಯಾರಿನ್ ನೆಲ್ಸನ್ ಮತ್ತು ಜೊನಾಸ್ ಎಲೆನ್‌ಬರ್ಗ್ 1986ರಲ್ಲಿ ತೋರಿಸಿದ್ದು: ಹೆರಿಗೆಯಲ್ಲಿ ಆಮ್ಲಜನಕದ ಕೊರತೆಯಿಂದ ವಿವರಿಸಬಹುದಾದ ಪಾಲು ಚಿಕ್ಕದು. ಶ್ರೀಮಂತ ದೇಶಗಳಲ್ಲಿ ಅದು ಹತ್ತರಲ್ಲಿ ಒಂದರ ಆಸುಪಾಸು. ಉಳಿದದ್ದಕ್ಕೆ ಅವಧಿಪೂರ್ವ ಜನನ, ಗರ್ಭದಲ್ಲಿ ಸೋಂಕು, ಅವಳಿಜವಳಿ, ಭ್ರೂಣದ ಮಿದುಳಿನ ರಕ್ತನಾಳ ಕಟ್ಟುವುದು, ಈಚೆಗೆ ಗೊತ್ತಾಗುತ್ತಿರುವ ಜೀನ್ ವ್ಯತ್ಯಾಸಗಳು ಕಾರಣ. ಎಷ್ಟೋ ಸಲ ಒಂದರ ಬೆನ್ನಿಗೆ ಇನ್ನೊಂದು ಸೇರಿರುತ್ತದೆ.

ನಮ್ಮಲ್ಲಿ ತಾಯಂದಿರು ವೈದ್ಯರಿಗೆ ಮೊದಲು ಹೇಳುವ ಮಾತು 'ಹುಟ್ಟಿದಾಗ ಅಳಲಿಲ್ಲ' ಎಂಬುದೇ. ಸಕಾಲಕ್ಕೆ ನೆರವು ಸಿಗದ ಹೆರಿಗೆಗಳಿರುವ ಕಡೆ ಆ ಮಾತಿಗೆ ಅಮೆರಿಕದಲ್ಲಿ ಇರುವುದಕ್ಕಿಂತ ತೂಕ ಹೆಚ್ಚು. ಆದರೆ ಆ ತಾಯಿಯನ್ನೇ ದೂರುವವರಿಗೆ ಲಿಟ್ಲ್‌ನ ಬೆಂಬಲವೂ ಇಲ್ಲ, ನೆಲ್ಸನ್‌ರದೂ ಇಲ್ಲ.

ತಡೆಗಟ್ಟುವಿಕೆಯಲ್ಲಿ ಅಚ್ಚುಕಟ್ಟಾದ ಗೆಲುವು ಸಿಕ್ಕಿದ್ದು ಕಾಮಾಲೆಯ ವಿಷಯದಲ್ಲಿ. ತಾಯಿ-ಮಗುವಿನ ರಕ್ತದ ಗುಂಪು ಹೊಂದದೆ ಬರುವ ತೀವ್ರ ಕಾಮಾಲೆಯಲ್ಲಿ ಬಿಲಿರುಬಿನ್ ಮಿದುಳಿನ ಆಳಕ್ಕಿಳಿದು, ಕೈಕಾಲು ತಿರುಚುವ ಬಗೆಯ ಸಿಪಿ ಉಂಟಾಗುತ್ತಿತ್ತು. 1956ರ ಬೇಸಿಗೆಯಲ್ಲಿ ಇಂಗ್ಲೆಂಡಿನ ರಾಚ್‌ಫರ್ಡ್ ಆಸ್ಪತ್ರೆಯ ಸಿಸ್ಟರ್ ಜೀನ್ ವಾರ್ಡ್ ದಿನ ತುಂಬದ ಶಿಶುಗಳನ್ನು ಅಂಗಳದ ಬಿಸಿಲಿಗೆ ಒಯ್ಯುತ್ತಿದ್ದಳು. ಒಂದು ಮಗುವಿನ ಮೈ ತಿಳಿಯಾಗಿ, ಬಟ್ಟೆಯ ಅಂಚು ಮುಚ್ಚಿದ್ದ ಜಾಗ ಮಾತ್ರ ಹಳದಿಯಾಗಿಯೇ ಉಳಿದದ್ದನ್ನು ಆಕೆ ವೈದ್ಯರಿಗೆ ತೋರಿಸಿದಳು. ಎರಡು ವರ್ಷದಲ್ಲಿ ರಿಚರ್ಡ್ ಕ್ರೀಮರ್ ಮತ್ತು ಸಂಗಡಿಗರು ಬೆಳಕಿನ ಚಿಕಿತ್ಸೆಯ ವರದಿ ಪ್ರಕಟಿಸಿದರು. 1968ರಲ್ಲಿ, ರಕ್ತದ ಗುಂಪು ಹೊಂದದ ತಾಯಿಗೆ ಕೊಡುವ ಆ್ಯಂಟಿ-ಡಿ ಚುಚ್ಚುಮದ್ದೂ ಬಂತು. ಇವೆರಡೂ ತಲುಪಿದ ಕಡೆ ಆ ಬಗೆಯ ಸಿಪಿ ಅಪರೂಪವಾಯಿತು.

ಹುಟ್ಟುವಾಗ ಉಸಿರುಕಟ್ಟಿದ ಶಿಶುವಿನ ಮೈಯನ್ನು ಮೂರು ದಿನ 33–34 ಡಿಗ್ರಿಗೆ ತಂಪಾಗಿಸಿ ಮಿದುಳನ್ನು ಉಳಿಸುವ ಚಿಕಿತ್ಸೆಯ ಕಥೆ ಅಷ್ಟು ಸರಳವಲ್ಲ. 2005ರ ಬಳಿಕ ಶ್ರೀಮಂತ ದೇಶಗಳ ಪ್ರಯೋಗಗಳಲ್ಲಿ ಇದರಿಂದ ಸಾವೂ ಅಂಗವೈಕಲ್ಯವೂ ಇಳಿದವು. ಭಾರತ, ಶ್ರೀಲಂಕಾ, ಬಾಂಗ್ಲಾದೇಶದ 408 ಶಿಶುಗಳ ಮೇಲೆ ನಡೆದ ಹೀಲಿಕ್ಸ್ ಪ್ರಯೋಗ 2021ರಲ್ಲಿ ಬೇರೆಯದನ್ನೇ ಹೇಳಿತು: ಅಂಗವೈಕಲ್ಯ ತಗ್ಗಲಿಲ್ಲ, ತಂಪಾಗಿಸಿದ ಮಕ್ಕಳಲ್ಲಿ ಸಾವು ಹೆಚ್ಚಿತು. ಒಂದು ಕಡೆ ಗೆದ್ದ ಮದ್ದನ್ನು ಹಾಗೆಯೇ ಇಳಿಸಿಕೊಳ್ಳುವ ಅವಸರಕ್ಕೆ ಈ ಫಲಿತಾಂಶ ತಡೆ ಹಾಕಿತು. ಹೆರಿಗೆಯ ಮುಂಚೆ ತಾಯಿಗೆ ಮೆಗ್ನೀಸಿಯಂ ಸಲ್ಫೇಟ್ ಕೊಟ್ಟು ಅವಧಿಪೂರ್ವ ಶಿಶುಗಳ ಮಿದುಳನ್ನು ಕಾಯುವ ಕ್ರಮ ಮಾತ್ರ ಅಗ್ಗದ್ದು, ಹೆಚ್ಚು ಕಡೆ ನಡೆಯುವಂಥದು.

ಕೈಕಾಲಿನಿಂದ ಬದುಕಿನ ಕಡೆಗೆ

ಚಿಕಿತ್ಸೆ ಬಹುಕಾಲ ಮೂಳೆವೈದ್ಯರ ಕೈಯಲ್ಲಿತ್ತು. ಬಾಲ್ಟಿಮೋರಿನ ವಿಂತ್ರಪ್ ಫೆಲ್ಪ್ಸ್ 1937ರಲ್ಲಿ ಇಂಥ ಮಕ್ಕಳಿಗೆಂದೇ ಸಂಸ್ಥೆ ತೆರೆದ. 1947ರಲ್ಲಿ ಅವನೂ ಐವರು ವೈದ್ಯರೂ ಸೇರಿ ಅಮೆರಿಕದ ಸೆರೆಬ್ರಲ್ ಪಾಲ್ಸಿ ಅಕಾಡೆಮಿ ಕಟ್ಟಿದರು. ಅವರಲ್ಲೊಬ್ಬನಾದ ಅರ್ಲ್ ಕಾರ್ಲ್‌ಸನ್‌ಗೆ ಸ್ವತಃ ಸಿಪಿ ಇತ್ತು. ಅದು ಕ್ಯಾಲಿಪರ್‌ಗಳ ಕಾಲ: ಸೊಂಟದಿಂದ ಪಾದದವರೆಗೆ ಲೋಹ, ಚರ್ಮದ ಪಟ್ಟಿ. ಅದಕ್ಕೆ ಎದುರಾಗಿ ಬರ್ಲಿನ್ನಿನಿಂದ ಲಂಡನ್ನಿಗೆ ವಲಸೆ ಬಂದ ಬರ್ಟಾ ಬೋಬಾತ್, ನರವೈದ್ಯನಾದ ಪತಿ ಕರೆಲ್ ಜೊತೆಗೂಡಿ, ಕೈಯಿಂದ ಹಿಡಿದು ನಡೆಸಿ ಭಂಗಿಯನ್ನು ತಿದ್ದುವ ವಿಧಾನ ರೂಪಿಸಿದಳು. ಬುಡಾಪೆಸ್ಟಿನಲ್ಲಿ ಆಂದ್ರಾಷ್ ಪೆತೋ ಶಾಲೆ ಮತ್ತು ವ್ಯಾಯಾಮವನ್ನು ಒಂದೇ ದಿನಚರಿಯಾಗಿ ಬೆಸೆದ. ಭಾರತದ ಫಿಸಿಯೋಥೆರಪಿ ಕೊಠಡಿಗಳಲ್ಲಿ ಬೋಬಾತ್ ಹೆಸರಿಗೆ ಇಂದಿಗೂ ಗೌರವವಿದೆ. ಆದರೆ ಬೇರೆಯವರು ಮಗುವಿನ ಕೈಕಾಲು ಆಡಿಸುವುದರಿಂದ ಫಲ ಕಡಿಮೆ. ಬಟ್ಟಲು ಎತ್ತುವುದು, ಮೆಟ್ಟಿಲು ಹತ್ತುವುದು ಮುಂತಾದ ತನಗೆ ಬೇಕಾದ ಕೆಲಸವನ್ನು ಮಗು ತಾನೇ ಮತ್ತೆ ಮತ್ತೆ ಮಾಡಿದಾಗಲೇ ಕಲಿಕೆ ಎಂಬುದರ ಕಡೆಗೆ ಈ ಶತಮಾನದ ಸಂಶೋಧನೆ ವಾಲಿದೆ.

ಬಿಗಿತ ಇಳಿಸಲು ಉಪಾಯಗಳು ಬಂದವು. ಬೆನ್ನುಹುರಿಯ ಆಯ್ದ ನರಬೇರುಗಳನ್ನು ಕತ್ತರಿಸುವ ಶಸ್ತ್ರಕ್ರಿಯೆಯನ್ನು 20ನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ಫೋರ್‌ಸ್ಟರ್ ಮಾಡಿದ್ದ. 1980ರ ದಶಕದಲ್ಲಿ ಕೇಪ್‌ಟೌನಿನ ವಾರ್ವಿಕ್ ಪೀಕಾಕ್ ಅದನ್ನು ಸುಧಾರಿಸಿದ. 1990ರ ದಶಕದಲ್ಲಿ ಬೊಟುಲಿನಮ್ ಚುಚ್ಚುಮದ್ದು ಬಂತು. ಪರಿಣಾಮ ಕೆಲವೇ ತಿಂಗಳು. ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ಬ್ಯಾಕ್ಲೋಫೆನ್ ಮದ್ದು ಹನಿಸುವ ಪಂಪು ದುಬಾರಿ. ಸದ್ದಿಲ್ಲದೆ ಹೆಚ್ಚು ಉಪಕಾರ ಮಾಡಿದ್ದು ಸ್ವೀಡನ್ನಿನ ಕ್ರಮ: 1994ರಿಂದ ಅಲ್ಲಿ ಸಿಪಿ ಇರುವ ಮಕ್ಕಳ ಸೊಂಟದ ಕೀಲನ್ನು ನಿಯಮಿತವಾಗಿ ಎಕ್ಸ್‌ರೇ ತೆಗೆದು ನೋಡುತ್ತಾರೆ. ನೋವಿನ ಕೀಲುತಪ್ಪಿಕೆ ಬಹುತೇಕ ನಿಂತಿದೆ. ಬೇಕಾದದ್ದು ಎಕ್ಸ್‌ರೇ ಯಂತ್ರ ಮತ್ತು ದಾಖಲೆ ಪುಸ್ತಕ.

1997ರಲ್ಲಿ ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ತಂಡ ಚಲನಶಕ್ತಿಯನ್ನು ಐದು ಹಂತಗಳಾಗಿ ವರ್ಗೀಕರಿಸಿತು: ಮಿತಿಗಳಿಲ್ಲದೆ ನಡೆಯುವವರು ಒಂದನೆಯ ಹಂತ, ಕತ್ತು ನಿಲ್ಲಿಸಲೂ ನೆರವು ಬೇಕಾದವರು ಐದನೆಯದು. 'ನಮ್ಮ ಮಗು ನಡೆಯುತ್ತದಾ?' ಎಂಬ ಪ್ರಶ್ನೆಗೆ ವೈದ್ಯರು ಊಹೆಯ ಬದಲು ಆಧಾರದಿಂದ ಉತ್ತರಿಸಲು ಸಾಧ್ಯವಾದದ್ದು ಆಮೇಲೆ.

ಉತ್ತರ ರುಚಿಸದಿದ್ದಾಗ ಮಾಯಾಮದ್ದು ಹುಡುಕುವುದು ಎಲ್ಲ ದೇಶಗಳಲ್ಲೂ ಉಂಟು. ಅಮೆರಿಕದಲ್ಲಿ ಹಲವರು ಸೇರಿ ಮಗುವಿನ ಕೈಕಾಲು, ತಲೆಯನ್ನು ಗಂಟೆಗಟ್ಟಲೆ ಆಡಿಸುವ 'ಪ್ಯಾಟರ್ನಿಂಗ್' ಇತ್ತು. ಅಲ್ಲಿನ ಮಕ್ಕಳ ವೈದ್ಯರ ಅಕಾಡೆಮಿ 1968ರಿಂದ ಮತ್ತೆ ಮತ್ತೆ ಎಚ್ಚರಿಸಬೇಕಾಯಿತು. ಇನ್ನೊಂದು ಮಾಯಾಮದ್ದಾದ ಒತ್ತಡದ ಆಮ್ಲಜನಕಕ್ಕೂ ಒತ್ತಡದ ಬರೀ ಗಾಳಿಗೂ ಫಲದಲ್ಲಿ ವ್ಯತ್ಯಾಸವಿಲ್ಲವೆಂದು 2001ರ ಕೆನಡಾ ಪ್ರಯೋಗ ತೋರಿಸಿತು. 2019ರ ಡಿಸೆಂಬರ್ 26ರ ಸೂರ್ಯಗ್ರಹಣದಂದು ಕಲಬುರಗಿ ಬಳಿಯ ತಾಜಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು ಗುಣವಾಗಲೆಂದು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತದ್ದು ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಅದನ್ನು ನೋಡಿ ನಕ್ಕ ನಗರದವರು ಲಕ್ಷಗಟ್ಟಲೆ ಕೊಟ್ಟು ಸ್ಟೆಮ್ ಸೆಲ್ ಚುಚ್ಚಿಸುವುದಕ್ಕೂ ಇದಕ್ಕೂ ಹೆಚ್ಚು ಅಂತರವಿಲ್ಲ: 2017ರ ರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ ಸಿಪಿಗೆ ಸ್ಟೆಮ್ ಸೆಲ್ ಅನ್ನು ಅನುಮತಿ ಪಡೆದ ಪ್ರಯೋಗದ ಹೊರಗೆ ಕೊಡುವಂತಿಲ್ಲ.

ಮಾತು, ಶಾಲೆ, ಕಾನೂನು

ಡಬ್ಲಿನ್ನಿನ ಕ್ರಿಸ್ಟಿ ಬ್ರೌನ್ ತನ್ನ ಎಡಗಾಲಿನಿಂದ ಬರೆಯಲು ಕಲಿತು 1954ರಲ್ಲಿ ಆತ್ಮಕಥೆ ಪ್ರಕಟಿಸಿದ. 1971ರಲ್ಲಿ ಟೊರಾಂಟೊದ ಶಿಕ್ಷಕಿ ಶರ್ಲಿ ಮೆಕ್‌ನಾಟನ್, ಚಾರ್ಲ್ಸ್ ಬ್ಲಿಸ್ ಎಂಬ ವಲಸಿಗ ಎಂಜಿನಿಯರ್ ವಿಶ್ವಭಾಷೆಯ ಕನಸಿನಲ್ಲಿ ರಚಿಸಿದ್ದ ಚಿತ್ರಲಿಪಿಯನ್ನು ಮಾತು ಬಾರದ ಸಿಪಿ ಮಕ್ಕಳ ಮುಂದಿಟ್ಟಳು. ಮಕ್ಕಳು ಕಣ್ಣು, ಬೆರಳುಗಳಿಂದ ಚಿತ್ರ ತೋರಿಸಿ ವಾಕ್ಯ ಕಟ್ಟತೊಡಗಿದರು. ಇಂದಿನ ಮಾತಾಡುವ ಟ್ಯಾಬ್ಲೆಟ್‌ಗಳು ಈ ದಾರಿಯಲ್ಲೇ ಬಂದವು.

ಈ ಮಕ್ಕಳೂ ಕಲಿಯಬಲ್ಲರೆಂಬ ಅರಿವು ಭಾರತದಲ್ಲಿ ಸಂಸ್ಥೆಯ ರೂಪ ತಳೆದದ್ದು ಒಬ್ಬ ತಾಯಿಯಿಂದ. ಮಗಳು ಮಾಲಿನಿ ಚಿಬ್‌ಗೆ ಇಲ್ಲಿ ಶಾಲೆಯಿಲ್ಲವೆಂದು ಕಂಡ ಮಿಥು ಆಲೂರ್ 1972ರಲ್ಲಿ ಮುಂಬೈಯಲ್ಲಿ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಇಂಡಿಯಾ ಕಟ್ಟಿದರು. ಕೋಲ್ಕತ್ತ, ದೆಹಲಿ, ಚೆನ್ನೈಗಳಲ್ಲಿ ಅದರ ಸೋದರ ಸಂಸ್ಥೆಗಳು ಹುಟ್ಟಿದವು. ಬೆಂಗಳೂರಿನಲ್ಲಿ 1980ರಲ್ಲಿ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ ಶುರುವಾಯಿತು. ಮಾತು, ನುಂಗುವಿಕೆಯ ತೊಂದರೆಗಳಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ದೂರದ ಊರುಗಳಿಂದಲೂ ಮಕ್ಕಳನ್ನು ಕರೆತರುತ್ತಾರೆ. 1995ರ ಅಂಗವಿಕಲರ ಕಾಯಿದೆ, 1999ರ ರಾಷ್ಟ್ರೀಯ ನ್ಯಾಸ ಕಾಯಿದೆ, 2016ರ ಹಕ್ಕುಗಳ ಕಾಯಿದೆ ಮೂರೂ ಸೆರೆಬ್ರಲ್ ಪಾಲ್ಸಿಯನ್ನು ಹೆಸರಿಸಿವೆ. ನ್ಯಾಸದ ನಿರಾಮಯ ಯೋಜನೆಯಲ್ಲಿ ಒಂದು ಲಕ್ಷ ರೂಪಾಯಿಯವರೆಗೆ ಆರೋಗ್ಯವಿಮೆಯಿದೆ, ಫಿಸಿಯೋಥೆರಪಿಯೂ ಅದರಲ್ಲಿ ಸೇರುತ್ತದೆ.

ಮೇಲಿನ ಸಂಶೋಧನೆಯೆಲ್ಲ ಹೆಚ್ಚಾಗಿ ಮಕ್ಕಳದು. ಸಿಪಿ ಇರುವವರಲ್ಲಿ ಬಹುಪಾಲು ಜನ ದೊಡ್ಡವರಾಗಿ ಬಾಳುತ್ತಾರೆ. ನಲವತ್ತರ ಹೊತ್ತಿಗೇ ಕೀಲುನೋವು, ಆಯಾಸ, ನಡಿಗೆಯ ಕುಸಿತ ಕಾಡುತ್ತವೆ. ಹದಿನೆಂಟು ದಾಟಿದ ಮೇಲೆ ಮಕ್ಕಳ ವೈದ್ಯರು ನೋಡುವುದಿಲ್ಲ, ದೊಡ್ಡವರ ವೈದ್ಯರಿಗೆ ಇದರ ಪರಿಚಯ ಕಡಿಮೆ. ಸಾರ್ವಜನಿಕ ಬದುಕಿನಲ್ಲಿ ಸಿಪಿ ಇರುವವರು ಎದುರಿಸುವುದು ಬೇರೆಯೇ. 2012ರಲ್ಲಿ ಕೋಲ್ಕತ್ತದ ಹೋರಾಟಗಾರ್ತಿ ಜೀಜಾ ಘೋಷ್ ಅಂಗವಿಕಲರ ಹಕ್ಕುಗಳ ಸಮಾವೇಶಕ್ಕೆಂದು ಗೋವಾಕ್ಕೆ ಹೊರಟಿದ್ದಾಗ, ಸಿಪಿ ಇದೆಯೆಂಬ ಕಾರಣಕ್ಕೆ ಅವರನ್ನು ವಿಮಾನದಿಂದ ಇಳಿಸಲಾಯಿತು. 2016ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಅವರ ಘನತೆಗೆ ಧಕ್ಕೆಯಾಗಿದೆಯೆಂದು ತೀರ್ಪಿತ್ತು, ವಿಮಾನ ಕಂಪನಿಯು ಹತ್ತು ಲಕ್ಷ ರೂಪಾಯಿ ಪರಿಹಾರ ಕೊಡುವಂತೆ ಆದೇಶಿಸಿತು.