ಪುಡಿಯಿಂದ ಹರಳಿಗೆ: ಗೊಬ್ಬರದ ಕಚ್ಚಾವಸ್ತು ಹದಗೊಂಡ ಬಗೆ

ರಸಗೊಬ್ಬರದ ಹರಳು ಗಟ್ಟಿಯಾಗಿ, ಒಂದೇ ಅಳತೆಗೆ ಬರಬೇಕಾದರೆ ಕಚ್ಚಾವಸ್ತುವನ್ನು ಮೊದಲೇ ಒಣಗಿಸಿ, ಅರೆದು, ಜರಡಿ ಹಿಡಿದಿರಬೇಕು. ಈ ಕೆಲಸಗಳು ಹರಳು ಕಟ್ಟುವ ಯಂತ್ರಕ್ಕಿಂತ ಬಹಳ ಹಳೆಯವು. ಅವು ಕೈಗಾರಿಕೆಯ ರೂಪ ಪಡೆದದ್ದು 19ನೇ ಶತಮಾನದ ಇಂಗ್ಲೆಂಡಿನಲ್ಲಿ, ಮೂಳೆಯ ಗಿರಣಿಗಳಿಂದ.

ಚಾಕುವಿನ ಹಿಡಿ ಮಾಡುತ್ತಿದ್ದ ಶೆಫೀಲ್ಡ್ ಊರಿನಲ್ಲಿ ಉಳಿಯುತ್ತಿದ್ದ ಮೂಳೆಯ ಚೂರು ಹೊಲಕ್ಕೆ ಹೋಗುತ್ತಿತ್ತು. ದೊಡ್ಡ ಚೂರು ಮಣ್ಣಿನಲ್ಲಿ ಕರಗಲು ವರ್ಷಗಳೇ ಬೇಕು. ಆದ್ದರಿಂದ ಮೂಳೆಯನ್ನು ಕುದಿಸಿ ಕೊಬ್ಬು ತೆಗೆದು, ಹಲ್ಲಿರುವ ಉರುಳೆಗಳ ನಡುವೆ ಪುಡಿ ಮಾಡುವುದು ರೂಢಿಗೆ ಬಂತು. ಮೂಳೆಗೆ ಆಮ್ಲ ಬೆರೆಸಿದರೆ ಅದರ ರಂಜಕ ಬೇಗ ಬೆಳೆಗೆ ಸಿಗುತ್ತದೆಂದು ಜರ್ಮನಿಯ ರಸಾಯನವಿಜ್ಞಾನಿ ಲೀಬಿಗ್ 1840ರಲ್ಲಿ ಸೂಚಿಸಿದ. ರೊಥಾಮ್‌ಸ್ಟೆಡ್‌ನ ಜಾನ್ ಬೆನೆಟ್ ಲಾಸ್ 1842ರಲ್ಲಿ ಹೀಗೆ ಆಮ್ಲ ಬೆರೆಸಿ ಮಾಡುವ ಸೂಪರ್ ಫಾಸ್ಫೇಟಿಗೆ ಪೇಟೆಂಟ್ ಪಡೆದು, ಮರುವರ್ಷ ಲಂಡನ್ನಿನ ಡೆಟ್‌ಫರ್ಡ್‌ನಲ್ಲಿ ಕಾರ್ಖಾನೆ ತೆರೆದ. ಗಂಧಕಾಮ್ಲ ತಾಗಿದ ಕಣದ ಮೈಮೇಲೆ ಜಿಪ್ಸಮ್ ಪದರ ಕಟ್ಟುತ್ತದೆ; ಕಣ ದಪ್ಪಗಿದ್ದರೆ ಒಳಗಿನ ಭಾಗ ಹಾಗೆಯೇ ಉಳಿದುಬಿಡುತ್ತದೆ. ನುಣ್ಣಗೆ ಅರೆಯುವುದು ಅನಿವಾರ್ಯವಾದದ್ದು ಹೀಗೆ.

ಮೂಳೆ ಸಾಲದೆ ಬಂದಾಗ ಸಫೋಕ್ ಮತ್ತು ಕೇಂಬ್ರಿಜ್‌ಶೈರ್ ನೆಲದಲ್ಲಿ ಸಿಗುವ ರಂಜಕದ ಗಂಟುಗಳತ್ತ ಕಣ್ಣು ಹೊರಳಿತು. ಅವನ್ನು ಕೊಪ್ರೊಲೈಟ್ ಎಂದು ಕರೆಯುತ್ತಿದ್ದರು. ಅಗೆದು ತೆಗೆದ ಗಂಟಿಗೆ ಜೇಡಿಮಣ್ಣು ಮೆತ್ತಿಕೊಂಡಿರುತ್ತಿತ್ತು. ಗುಂಡನೆಯ ತೊಟ್ಟಿಗೆ ಅದನ್ನು ಸುರಿದು ನೀರು ಬಿಡುತ್ತಿದ್ದರು. ಸುತ್ತಲೂ ನಡೆಯುವ ಕುದುರೆ ತೊಟ್ಟಿಯೊಳಗಿನ ಕುಂಟೆಯನ್ನು ಎಳೆದಂತೆಲ್ಲ ಮಣ್ಣು ಕದಡುತ್ತಿತ್ತು. ರಾಡಿ ನೀರನ್ನು ಹೊರಗೆ ಹರಿಸಿದರೆ ತಳದಲ್ಲಿ ಗಂಟು ಮಾತ್ರ ಉಳಿಯುತ್ತಿತ್ತು. ಆಮೇಲೆ ಅದು ಬೀಸುಕಲ್ಲಿನ ಗಿರಣಿಗೆ ಸಾಗುತ್ತಿತ್ತು. ಇಪ್ಸ್‌ವಿಚ್ ಪಟ್ಟಣದ ಒಂದು ಬೀದಿಗೆ ಇಂದಿಗೂ ಕೊಪ್ರೊಲೈಟ್ ಬೀದಿ ಎಂದೇ ಹೆಸರು. ದಕ್ಷಿಣ ಕ್ಯಾರೊಲಿನಾ ಮತ್ತು ಫ್ಲಾರಿಡಾದ ಅಗ್ಗದ ಶಿಲೆ ಬಂದ ಮೇಲೆ ಈ ಅಗೆತ ಕುಗ್ಗಿತು. ಆದರೆ ತೊಳೆದು, ಒಣಗಿಸಿ, ಅರೆಯುವ ಕ್ರಮ ಬದಲಾಗಲಿಲ್ಲ.

ಭಾರತದಲ್ಲಿ, ಇಂದಿನ ತಮಿಳುನಾಡಿನ ರಾಣಿಪೇಟೆಯಲ್ಲಿ 1906ರಲ್ಲಿ ಸೂಪರ್ ಫಾಸ್ಫೇಟ್ ತಯಾರಿಕೆ ಶುರುವಾಯಿತು. ಆ ಕಾಲದ ಗೊಬ್ಬರ ಪುಡಿಯಾಗಿತ್ತು. ಪುಡಿ ಗಾಳಿಗೆ ಹಾರುತ್ತದೆ, ಚೀಲದಲ್ಲೇ ಗಂಟು ಕಟ್ಟುತ್ತದೆ. ಅದರಲ್ಲಿ ಉಳಿದ ಆಮ್ಲ ಗೋಣಿಯನ್ನೂ ತಿನ್ನುತ್ತದೆ. ಈ ತೊಂದರೆ ನೀಗಲೆಂದು 1930ರ ದಶಕದಿಂದ ಹರಳು ಕಟ್ಟುವ ಪ್ರಯತ್ನಗಳು ಬೆಳೆದವು. 1950ರ ದಶಕದಲ್ಲಿ ಅಮೆರಿಕದ ಟೆನೆಸ್ಸಿ ಕಣಿವೆ ಪ್ರಾಧಿಕಾರ ರೂಪಿಸಿದ ತಿರುಗುವ ಡ್ರಮ್ ವ್ಯಾಪಕವಾಗಿ ಬಳಕೆಗೆ ಬಂತು.

ನೀರು ಹಾಕದೆ, ಎರಡು ಉರುಳೆಗಳ ನಡುವೆ ಒತ್ತಿ ಹರಳು ಮಾಡುವ ಒಣ ವಿಧಾನ ಪೊಟ್ಯಾಷ್ ಉದ್ಯಮದಲ್ಲಿ ನೆಲೆಯೂರಿತು. ಇಲ್ಲಿ ಕಚ್ಚಾವಸ್ತುವಿನ ಹದದ ಕೊರತೆಯನ್ನು ತುಂಬಿಕೊಡಲು ನೀರಾಗಲಿ ಉಗಿಯಾಗಲಿ ಇಲ್ಲ. ಎಲ್ಲವೂ ಪೂರ್ವತಯಾರಿಯ ಮೇಲೆ ನಿಂತಿದೆ. ತೇವ ಹೆಚ್ಚಾದರೆ ಪುಡಿ ಉರುಳೆಗೆ ಅಂಟುತ್ತದೆ. ಯಾವುದರ ಜೊತೆ ಯಾವುದು ಕೂಡುತ್ತದೆ ಎಂಬುದನ್ನೂ ನೋಡಬೇಕು. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಮೋನಿಯಂ ನೈಟ್ರೇಟ್ ಗಾಳಿಯ ಆರ್ದ್ರತೆ ಸುಮಾರು ಶೇ 59 ದಾಟಿದ ಮೇಲೆ ನೀರು ಹೀರುತ್ತದೆ. ಯೂರಿಯಾಕ್ಕೆ ಆ ಮಿತಿ ಶೇ 70ಕ್ಕೂ ಮೇಲೆ. ಎರಡನ್ನೂ ಬೆರೆಸಿದರೆ ಮಿತಿ ಸುಮಾರು ಶೇ 18ಕ್ಕೆ ಇಳಿದು ಮಿಶ್ರಣ ರಾಡಿಯಾಗುತ್ತದೆ. ಯೂರಿಯಾ ಮತ್ತು ಸೂಪರ್ ಫಾಸ್ಫೇಟ್ ಸೇರಿದರೂ ಸೂಪರ್ ಫಾಸ್ಫೇಟಿನ ಸ್ಫಟಿಕದೊಳಗಿನ ನೀರು ಬಿಡುಗಡೆಯಾಗುತ್ತದೆ.

ಉರುಳೆಗಳ ನಡುವೆ ಒತ್ತಿದ ಪುಡಿ ಹಾಳೆಯಾಗಿ ಹೊರಬರುತ್ತದೆ. ಅದನ್ನು ಮುರಿದು ಜರಡಿ ಹಿಡಿದ ಮೇಲೆ ದಪ್ಪ ಚೂರು ಮತ್ತೆ ಗಿರಣಿಗೆ, ಸಣ್ಣ ಪುಡಿ ಮತ್ತೆ ಉರುಳೆಗೆ ಹೋಗುತ್ತದೆ. ಸರಿಯಾದ ಅಳತೆಯದು ಮಾತ್ರ ಚೀಲ ಸೇರುತ್ತದೆ.